ಪಡುವಣ ಗಾಳಿಗೆ ಹೆದರಿದ ಚಿಕ್ಕಿ

ಓಮ, ಬೆಲ್ಲ ಕುದಿಯುವ ವಾಸನೆ ಎಲ್ಲಿಂದಲೋ ಬಂದರೆ ನಾನು ಇಂದಿಗೂ ನಮ್ಮ ಯಲ್ಲಾಪುರದ ಹಳೆಯ ಮನೆಯ ಒಳಗೆ ಹೋಗಿ ನಿಲ್ಲುತ್ತೇನೆ. ಸಂತೆ ಮಾಳದ ಹಿಂದಿನ ಹೆಂಚಿನ ಮನೆ ಅದು. ಅಜ್ಜಿ, ಅಪ್ಪ, ಅಮ್ಮ, ಚಿಕ್ಕಪ್ಪ, ಅವನ ಹೆಂಡತಿ ಸುನಂದಾ ಚಿಕ್ಕಿ, ಮತ್ತೆ ನಾನು. ಬಸಿರು ನಿಲ್ಲದೆ ವರ್ಷಗಟ್ಟಲೆ ಕಣ್ಣೀರು ಹಾಕಿದ್ದ ಚಿಕ್ಕಿಗೆ ಆ ಸಲ ಆರು ತಿಂಗಳು ತುಂಬಿತ್ತು. ಓಮ, ಬೆಲ್ಲ ಕುದಿಸಿ ಬಾಣಂತನದ ಮದ್ದಿಗೆ ಅಜ್ಜಿ ಆಗಲೇ ತಯಾರಿ ನಡೆಸಿದ್ದಳು.

ನಮ್ಮೂರಿಗೆ ಪಡುವಣದಲ್ಲಿ, ಕಾಳಿ ಹೊಳೆಯ ದಂಡೆಯಲ್ಲಿ ಅಣು ವಿದ್ಯುತ್ ಸ್ಥಾವರದ ಕೆಲಸ ಶುರುವಾಗಿದ್ದ ಕಾಲ. ಅದನ್ನು ವಿರೋಧಿಸಿ ಶಾಲೆ ಬಯಲಿನಲ್ಲಿ ನಡೆದ ಸಭೆಗೆ ಚಿಕ್ಕಿ ನನ್ನ ಕೈಹಿಡಿದು ಹೋದಳು. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಇಂಥದೇ ಸ್ಥಾವರ ಕೆಟ್ಟಾಗ, ಸಮೀಪದ ಬಸುರಿಯರೂ ಸಣ್ಣ ಮಕ್ಕಳೂ ಊರು ಬಿಡಲಿ ಎಂದು ಅಲ್ಲಿನ ಗವರ್ನರರೇ ಹೇಳಿದ್ದರಂತೆ. ಭಾಷಣಕಾರರು ಅಷ್ಟು ಹೇಳುವಾಗ ನನ್ನ ಬೆರಳುಗಳ ಮೇಲೆ ಚಿಕ್ಕಿಯ ಹಿಡಿತ ಬಿಗಿಯಾಯಿತು.

ಅಂದಿನಿಂದ ಪಡುವಣ ದಿಕ್ಕಿನ ಕಿಟಕಿಗಳೆಲ್ಲ ಮುಚ್ಚಿದವು. ಆ ಕಡೆಯಿಂದ ಗಾಳಿ ಎದ್ದರೆ ಅರೆ ಒಣಗಿದ ಬಟ್ಟೆಯನ್ನೂ ಚಿಕ್ಕಿ ಒಳಗೆ ತರುತ್ತಿದ್ದಳು. ಅವಳ ಭಯ ನನಗೂ ಅಂಟಿತು. ಬಾವಿಯ ನೀರನ್ನು ಕೊಡದಲ್ಲಿ ಇಣುಕಿ ನೋಡಿಯೇ ಕುಡಿಯುತ್ತಿದ್ದೆ.

"ಇನ್ನೂ ನೆಲ ಅಗೀತಾ ಇದ್ದ ಮಾರಾಯ್ತಿ. ಕರೆಂಟೇ ಹುಟ್ಟಿದ್ದಿಲ್ಲೆ," ಎಂದು ಚಿಕ್ಕಪ್ಪ ನಕ್ಕ.

"ಅಮೆರಿಕ ಎಲ್ಲಿ, ಯಲ್ಲಾಪುರ ಎಲ್ಲಿ!" ಎಂದಳು ಅಜ್ಜಿ.

ಚಿಕ್ಕಿ ನಗಲಿಲ್ಲ. "ಎಂತ ಆಗ್ತಿಲ್ಲೆ ಹೇಳಿ ಅಲ್ಲಿಯವೂ ಅಂದ್ಕಂಡಿದ್ದ. ಆನಂತೂ ಇಲ್ಲಿ ಇರ್ತ್ನಿಲ್ಲೆ."

ಮರುದಿನವೇ ಎಕ್ಕಂಬಿಯ ತವರಿಗೆ ಹೊರಟುಬಿಟ್ಟಳು. ಅಲ್ಲೇ ಗಂಡು ಮಗು ಹುಟ್ಟಿತು, ಗುಂಡುಗುಂಡಗೆ, ಜೋರು ಗಂಟಲಿನದು. ಆದರೆ ಅವಳು ಮರಳಲಿಲ್ಲ. ಚಿಕ್ಕಪ್ಪ ಬೈದುಕೊಂಡೇ ಅಲ್ಲಿಗೆ ಹೋಗಿ ನೆಲೆನಿಂತ. ಮೊಮ್ಮಗನನ್ನು ಬಿಟ್ಟಿರಲಾರದೆ ಅಜ್ಜಿಯೂ ಹೋದಳು. ಅಪ್ಪನಿಗೆ ಸಿದ್ದಾಪುರಕ್ಕೆ ವರ್ಗವಾಯಿತು. ಮನೆ ಮಾರಿದೆವು. ಸ್ಥಾವರ ನಡೆಯುತ್ತಲೇ ಇದೆ. ಪೆನ್ಸಿಲ್ವೇನಿಯಾದಂಥದ್ದು ಇಲ್ಲಿ ಆಗಲಿಲ್ಲ. ಆದರೂ ನಮ್ಮ ಮನೆಯೊಂದು ಖಾಲಿಯಾಯಿತು.

ಕಳೆದ ವರ್ಷ ಹಾಸಿಗೆ ಹಿಡಿದಿದ್ದ ಚಿಕ್ಕಿಯನ್ನು ನೋಡಲು ಹೋಗಿದ್ದೆ. ಇಷ್ಟು ವರ್ಷ ಕೇಳದೇ ಇದ್ದುದನ್ನು ಕೇಳಿದೆ: "ನಿನ್ನ ಹೆದರಿಕೆ ಸುಳ್ಳಾತಲೇ ಚಿಕ್ಕಿ?"

ಅವಳು ನನ್ನ ತಲೆ ಸವರಿದಳು. "ಸುಳ್ಳಾಗ್ಲಿ ಹೇಳೇ ಹೆದ್ರಿದ್ದು, ಕೂಸೇ."

ಈ ಚೈತ್ರದಲ್ಲಿ ಅವಳು ಹೋದಳು. ಚಿತೆಗೆ ಬೆಂಕಿಯಿಟ್ಟ ಮಗನ ತಲೆ ಅರ್ಧ ನರೆತಿತ್ತು.