ಕಪ್ಪು ಎಲೆಯ ಸಿಗಾರಿಗೆ ಹತ್ತು ಅಂಕ

ಅಣ್ಣ ಮುಲುಂಡಿನ ಹೋಟೆಲೊಂದರಲ್ಲಿ ಕಾಫಿ ಮಾಡುತ್ತಿದ್ದ. ರಜೆಯ ದಿನ ನಾವಿದ್ದ ಚಾಳಿನ ಗ್ಯಾಲರಿಯಲ್ಲಿ ಕೂತು, ಕಪ್ಪು ಎಲೆ ಸುತ್ತಿದ ಅಗ್ಗದ ಸಿಗಾರ್ ಒಂದನ್ನು ಹಚ್ಚುತ್ತಿದ್ದ. ಹಚ್ಚುವ ಮೊದಲು ಮೂಸಿ, ತುದಿಯನ್ನು ನಾಲಿಗೆಗೆ ತಾಗಿಸಿ ನೋಡುವನು. ಬೂದಿ ತಾನಾಗಿ ಬೀಳುವವರೆಗೆ ಮಾತಿಲ್ಲ. ಆಮೇಲೆ ತೀರ್ಪು: "ಹತ್ತಕ್ಕೆ ಆರು. ಕೊಟ್ಟ ದುಡ್ಡಿಗೆ ಮೋಸ ಇಲ್ಲ ಮಾರಾಯ." ಏಳಕ್ಕಿಂತ ಹೆಚ್ಚು ಯಾವುದಕ್ಕೂ ಕೊಟ್ಟವನಲ್ಲ.

ಗಂಟಲಿನ ಆಪರೇಷನ್ ಆದ ಮೇಲೆ ಅವನು ಸೇದುವಂತಿರಲಿಲ್ಲ. ಹೊಸ ಸಿಗಾರ್ ಒಂದನ್ನು ತರಿಸಿ ನನ್ನ ಕೈಗಿಟ್ಟ.

"ನೀನು ಸೇದಿ ರುಚಿ ಹೇಳು. ಕಹಿ ಮೊದಲು ಬರ್ತದಾ, ಕಡೆಗಾ?"

ನನಗೆ ಲೋಕಲ್ ರೈಲು ಹಿಡಿಯುವ ಅವಸರ. ಸ್ಟೇಷನ್ನಿನ ದಾರಿಯಲ್ಲಿ ಸೇದುತ್ತೇನೆ ಎಂದು ಹೇಳಿ ಹೊರಟವನು, ಹಚ್ಚದೆಯೇ ಗಟಾರಕ್ಕೆ ಎಸೆದೆ. ಸಂಜೆ ಅವನು ಬಾಗಿಲಲ್ಲೇ ಕಾದಿದ್ದ.

"ಎಷ್ಟು ಕೊಡ್ತಿ?"

"ಹತ್ತಕ್ಕೆ ಹತ್ತು ಅಣ್ಣ," ಎಂದೆ, ಮಾತು ಅಲ್ಲಿಗೇ ಮುಗಿಯಲಿ ಎಂದು.

"ಹತ್ತಾ! ನನಗೆ ಒಂದೂ ಸಿಗಲಿಲ್ಲ ನೋಡು ಹಾಗಿನದ್ದು."

ಕೊನೆಯ ದಿನಗಳಲ್ಲಿ, ಆಸ್ಪತ್ರೆಗೆ ನೋಡಲು ಬಂದ ಹೋಟೆಲಿನವರಿಗೆಲ್ಲ ಒಡೆದ ದನಿಯಲ್ಲಿ ಅದನ್ನೇ ಹೇಳುತ್ತಿದ್ದ: "ತಮ್ಮನಿಗೆ ಹತ್ತಕ್ಕೆ ಹತ್ತರದ್ದು ಸಿಕ್ಕಿದೆ. ಗುಣ ಆದ ಮೇಲೆ ನಾನೂ ಅದನ್ನೇ ಸೇದುವುದು."

ನಾನು ಪಕ್ಕದಲ್ಲೇ ನಿಂತು ಹೌದೆಂದು ತಲೆಯಾಡಿಸುತ್ತಿದ್ದೆ.