ಸಕ್ಕರೆ ಟೆಸ್ಟಿಗೆ ನಾನು ಮಾಡುತ್ತಿದ್ದ ತಯಾರಿ

ಕುಕನೂರಿನಲ್ಲಿ ನನ್ನದೊಂದು ಟೇಲರ್ ಅಂಗಡಿ. ಸಿಟ್ಟಿನಲ್ಲಿ ನನ್ನನ್ನು ಮೀರಿಸುವವರು ನಮ್ಮ ಓಣಿಯಲ್ಲೇ ಇಲ್ಲ ಎಂದು ಹೆಂಡತಿ ಹೇಳುತ್ತಾಳೆ, ಅದೂ ನಾನು ಮನೆಯಲ್ಲಿ ಇಲ್ಲದಾಗ. ಸೂಜಿಗೆ ದಾರ ಪೋಣಿಸುವುದು ಕಷ್ಟವಾದಾಗ ನಾನು ಮೊದಲು ದಾರಕ್ಕೆ ಬೈದೆ, ಆಮೇಲೆ ಸೂಜಿಗೆ, ಕೊನೆಗೆ ಚಷ್ಮಾ ಅಂಗಡಿಯವನಿಗೆ. ಒಂದೇ ವರ್ಷದಲ್ಲಿ ಮೂರು ಸಲ ನಂಬರು ಬದಲಿಸಿ ಕೊಟ್ಟಿದ್ದ ಪುಣ್ಯಾತ್ಮ.

"ನಾಲ್ಕನೇದ್ದು ಕೊಡಂಗಿಲ್ರಿ," ಎಂದ ಅವನು. "ನಿಮಗ ಸಕ್ಕರಿ ಐತಿ. ಕೊಪ್ಪಳಕ್ಕ ಹೋಗಿ ಕಣ್ಣಿನ ಡಾಕ್ಟರ್‌ಗೆ ತೋರಿಸ್ರಿ."

"ನನ್ನ ಸಕ್ಕರಿ ಕಂಟ್ರೋಲ್‌ನ್ಯಾಗ ಐತಿ! ನಿನ್ನ ಗಾಜು ಖೊಟ್ಟಿ ಅದಾವ!"

ಸುಳ್ಳಲ್ಲ, ರಿಪೋರ್ಟುಗಳು ಹಾಗೇ ಬರುತ್ತಿದ್ದವು. ಅದರ ಗುಟ್ಟು ನನಗೊಬ್ಬನಿಗೇ ಗೊತ್ತು ಎಂದುಕೊಂಡಿದ್ದೆ. ಸೋಮವಾರ ಟೆಸ್ಟು ಎಂದರೆ ಶುಕ್ರವಾರದಿಂದಲೇ ನನ್ನ ತಯಾರಿ. ಅರ್ಧ ಜೋಳದ ರೊಟ್ಟಿ, ಹಾಗಲಕಾಯಿ ಪಲ್ಯ, ಸಕ್ಕರೆ ಇಲ್ಲದ ಚಹಾ, ಬೆಳಿಗ್ಗೆ ಇಟಗಿ ರಸ್ತೆಯಲ್ಲಿ ಬೆವರು ಕಿತ್ತು ಬರುವಂತೆ ನಡಿಗೆ. ಸೋಮವಾರ ರಕ್ತ ಕೊಟ್ಟು, ಸಂಜೆ ರಿಪೋರ್ಟು ಕೈಗೆ ಬಂದ ಕೂಡಲೇ ಬಸ್ ಸ್ಟ್ಯಾಂಡಿನ ಬಳಿ ಕಾಲು ಕಿಲೋ ಬಿಸಿ ಜಿಲೇಬಿ. ಪಾಸಾದವನು ಬಾಯಿ ಸಿಹಿ ಮಾಡಿಕೊಳ್ಳಬಾರದೆ? ಮುಂದಿನ ಟೆಸ್ಟಿನವರೆಗೆ ಹೋಳಿಗೆ ಸಿಕ್ಕಾಗಲೆಲ್ಲ, ಗುಳಿಗೆ ನೆನಪಾದಾಗ.

ಕೊಪ್ಪಳದಲ್ಲಿ ಡಾಕ್ಟರಮ್ಮ ಕಣ್ಣಿಗೆ ಹನಿ ಹಾಕಿ, ಪಾಪೆ ಅಗಲವಾಗುವವರೆಗೆ ಕೂರಿಸಿ, ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ನಾನು ರಿಪೋರ್ಟುಗಳ ಕಟ್ಟನ್ನೇ ಅವರ ಮುಂದೆ ಹಿಡಿದೆ.

"ಇವು ಛಲೋ ಅದಾವ್ರಿ," ಎಂದರು. "ಆದ್ರ ಕಣ್ಣಿನ ಹಿಂದಿನ ಪರದಿ ಮ್ಯಾಲ ರಕ್ತದ ಚುಕ್ಕಿ ಅದಾವ. ಸಣ್ಣ ರಕ್ತನಾಳ ಸೋರಾಕ ಹತ್ಯಾವ. ಇದು ಒಂದೆರಡು ದಿನದಾಗ ಆಗೂದಲ್ಲ, ವರ್ಷಗಟ್ಟಲೆ ಸಕ್ಕರಿ ಏರಿದ್ರ ಆಗೂದು. ನಿಮ್ಮ ಮೈಯಾಗ ಇನ್ಸುಲಿನ್ ಐತಿ, ಮೈ ಅದರ ಮಾತು ಕೇಳಂಗಿಲ್ಲ."

"ನಮ್ಮ ಮನ್ಯಾಗೂ ಹಂಗ ಐತ್ರಿ," ಎಂದಳು ಜೊತೆಗೆ ಬಂದಿದ್ದ ಹೆಂಡತಿ.

ನಾನು ನಗಲಿಲ್ಲ. ಮೂವತ್ತು ವರ್ಷ ಹೊಲಿಗೆ ಬಿಟ್ಟು ಬೇರೇನೂ ಕಲಿಯದ ಕೈ ನನ್ನದು.

"ಮುಂದ ಸೂಜಿ ಕಾಣ್ತೈತೇನ್ರಿ?" ಎಂದು ಕೇಳಿದೆ.

"ಲೇಸರ್ ಮಾಡೂನು. ಹೋಗಿದ್ದು ಪೂರ್ತಿ ಬರ್ತೈತಂತ ಹೇಳಾಕಾಗಂಗಿಲ್ಲ. ಇದ್ದದ್ದು ಉಳೀಬೇಕಂದ್ರ ಸಕ್ಕರಿ ಖರೇನ ಹತೋಟ್ಯಾಗ ಇರಬೇಕು. ಈ ಸಲ ಮೂರು ತಿಂಗಳ ಸರಾಸರಿ ತೋರಿಸೋ ಟೆಸ್ಟು ಮಾಡಸ್ರಿ."

ಮೂರು ತಿಂಗಳು! ಅಷ್ಟು ದಿನ ಹಾಗಲಕಾಯಿ ತಿಂದವನು ಬದುಕಿ ಉಳಿಯುತ್ತಾನೆಯೇ ಎಂದು ಯೋಚಿಸುತ್ತಲೇ ಹೊರಗೆ ಬಂದೆ.

ಹನಿ ಹಾಕಿದ ಕಣ್ಣಿಗೆ ಬಿಸಿಲು ಚುಚ್ಚಿತು, ಊರೆಲ್ಲ ಬೆಳ್ಳಗೆ ಕಂಡಿತು. ಹೆಂಡತಿ ಕೈ ಹಿಡಿದು ಬಸ್ಸು ಹತ್ತಿಸಿದಳು. ಕೂತ ಮೇಲೆ ತಡೆಯಲಾಗಲಿಲ್ಲ. ಟೆಸ್ಟಿಗೆ ಮುಂಚಿನ ಮೂರು ದಿನದ ಆಟವನ್ನೆಲ್ಲ ಒದರಿಬಿಟ್ಟೆ.

"ಗೊತ್ತಿತ್ರಿ," ಎಂದಳು. "ಅರಬಿ ಒಗಿಯೋವಾಗ ನಿಮ್ಮ ಕಿಸೆದಾಗ ಜಿಲೇಬಿ ಕಾಗದ ಇರತಿತ್ತು."

"ಮತ್ತ ಯಾಕ ಬೈಲಿಲ್ಲ ನೀ?"

"ಬೈದ್ರ ಸಿಟ್ಟಿಗೇಳತಿದ್ರಿ. ಆ ಟೆಸ್ಟಿಗೆ ಹೋಗೂದನ್ನೂ ಬಿಡತಿದ್ರಿ. ನನಗ ಅಂಜಿಕಿ."

ನನಗೆ ವಿಪರೀತ ನಾಚಿಕೆಯಾಯಿತು. "ಬೈಬೇಕಾಗಿತ್ತು," ಎಂದೆ. "ಈಗಾದ್ರೂ ಬೈ."

ಅವಳು ಸೆರಗು ಸರಿಮಾಡಿಕೊಂಡು ಶುರು ಮಾಡಿದಳು. ಕುಕನೂರು ಬರುವವರೆಗೂ ನಿಲ್ಲಿಸಲಿಲ್ಲ. ಬಸ್ಸಿನವರೆಲ್ಲ ನಗುತ್ತಿದ್ದರು. ಯಾರ್ಯಾರು ನಕ್ಕರೋ, ನನಗೆ ಕಾಣಲಿಲ್ಲ.