‘ಬಹುದು’ ಸೇರಿಸದ ಹಾಳೆ

ವಿಶ್ವವಿದ್ಯಾಲಯದ ದಾಖಲೆ ಸಂಗ್ರಹದ ಪರವಾಗಿ, ಹಕ್ಕಿ ಎಣಿಸುವ ದರ್ಜಿಯಮ್ಮನೊಬ್ಬರ ಜೊತೆ ಮೊದಲ ಮಾತುಕತೆಗಾಗಿ ನಾನು ಬರೆದ ಎರಡು ಪತ್ರಗಳಿಗೂ ಉತ್ತರ ಬರಲಿಲ್ಲ. ಕೊನೆಗೆ, ಹೊಲಿಗೆ ಬಿಚ್ಚಿದ ಕೈಚೀಲವೊಂದರ ನೆಪದಲ್ಲಿ ಅವರ ಅಂಗಡಿಗೇ ಹೋದೆ. ದರ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ಕಣ್ಣಲ್ಲೇ ಅಳೆದರು.

“ಪತ್ರ ಬರೆದೋರು ನೀವೇನಾ? ನಾಳೆ ಬೆಳಿಗ್ಗೆ ಆರಕ್ಕೆ ಹೊಲದ ಹತ್ರ ಬನ್ನಿ. ಈ ಬಿಳಿ ಅಂಗಿ ಮಾತ್ರ ಬೇಡ, ಹಕ್ಕಿಗಳು ಬೆದರುಬೊಂಬೆ ಅಂದ್ಕೊಳ್ತವೆ.”

ಹೊಲ ಅವರ ಅಣ್ಣನದು. ಉತ್ತ ಮಣ್ಣಿನ ನಡುವೆ ನೀರು ನಿಲ್ಲುವ ತಗ್ಗೊಂದಿದೆ. ವಸಂತದಲ್ಲಿ ಉತ್ತರಕ್ಕೆ ಮರಳುವ ಹಕ್ಕಿಗಳು ಅಲ್ಲಿ ಒಂದೆರಡು ದಿನ ಇಳಿದು ಮೇಯುತ್ತವೆ. ಅಂಗಡಿ ತೆರೆಯುವ ಮುನ್ನ ಅವನ್ನು ಎಣಿಸಿ ಊರಿನ ಪಕ್ಷಿವೀಕ್ಷಕರ ಸಂಘಕ್ಕೆ ಬರೆದುಕೊಡುವ ಕೆಲಸವನ್ನು ಇವರು ಹನ್ನೊಂದು ವರ್ಷ ಒಬ್ಬರೇ ಮಾಡಿದರು. ದುರ್ಬೀನಿನ ಒಂದು ಗಾಜು ಬಿರುಕು ಬಿಟ್ಟಿತ್ತು, ಇನ್ನೊಂದು ಸಾಕಾಯಿತು. ಹಕ್ಕಿಗಳ ಬಣ್ಣನೆಯೆಲ್ಲ ಹೊಲಿಗೆಯ ಮಾತಿನಲ್ಲಿ: ಒಳಲಂಗ, ತೋಳು, ಅಂಚು.

ಸಂಘದೊಡನೆ ತಕರಾರು ಹುಟ್ಟಿದ್ದು ಹನ್ನೊಂದನೆಯ ವಸಂತದ ಒಂದು ಹಾಳೆಯಿಂದ. ಬಾಲ ಕುಣಿಸುತ್ತ ಓಡಾಡುವ ಪುಟ್ಟ ಹಕ್ಕಿ ಸಿಪಿಲೆಯಲ್ಲಿ ಹಳದಿ ತಲೆಯ ಜಾತಿಯದು ‘ಕಂಡಿತು’ ಎಂದು ಅದರಲ್ಲಿ ಬರೆದಿದ್ದರು. ಅದನ್ನು ಹಿಡಿದು ಸಂಘದ ಕಾರ್ಯದರ್ಶಿ ಅಂಗಡಿಗೆ ಬಂದರು.

“ನೀವು ನೋಡಿದ್ದು ಮಾಮೂಲಿ ಹಳದಿ ಸಿಪಿಲೆ ಅಮ್ಮ. ಹಳದಿ ತಲೆಯ ಸಿಪಿಲೆ ಈ ಕಡೆ ಯಾರಿಗೂ ಕಂಡಿಲ್ಲ.”

“ಯಾರಿಗೂ ಕಾಣದಿದ್ರೆ ಅದು ಹಕ್ಕಿ ತಪ್ಪಾ?”

“ಫೋಟೋ ಇದೆಯಾ?”

“ಕುತ್ತಿಗೆ ಹಿಂದೆ ಕಪ್ಪು ಕಾಲರ್ ಇತ್ತು, ಮುಂದೆ ಕೂಡಿರಲಿಲ್ಲ. ನಿಮ್ಮ ಮಾಮೂಲಿ ಸಿಪಿಲೆಗೆ ಕಾಲರ್ ಎಲ್ಲಿದೆ, ತೋರಿಸಿ ನೋಡೋಣ!”

ಕಾರ್ಯದರ್ಶಿ ಪೆನ್ನು ಮುಂದೆ ಚಾಚಿದರು. “‘ಕಂಡಿತು’ ಅನ್ನೋದನ್ನ ‘ಕಂಡಿರಬಹುದು’ ಅಂತ ತಿದ್ದಿ. ಒಂದು ‘ಬಹುದು’ ತಾನೇ?”

“ನಲವತ್ತು ವರ್ಷದಿಂದ ಅಳತೆ ತಗೊಳ್ತಿದ್ದೀನಿ. ನಿಮ್ಮ ಸೊಂಟ ಮೂವತ್ತೆಂಟು ‘ಇರಬಹುದು’ ಅಂತ ಪ್ಯಾಂಟು ಹೊಲಿದಿದ್ರೆ ಅದು ಈಗ ಎಲ್ಲಿರ್ತಿತ್ತು?”

ಗುಂಡಿ ಹಾಕಿಸಿಕೊಳ್ಳಲು ಕೂತಿದ್ದ ಅಣ್ಣ ನಕ್ಕರು. ಆಮೇಲೆ, “ಹಕ್ಕಿ ಹಾರಿಹೋಯ್ತಲ್ಲ, ಬರೆದು ಕೈತೊಳ್ಕೋ ತಂಗಿ,” ಎಂದರು.

“ಸುಮ್ನಿರಣ್ಣ. ಇದೊಂದು ಅನುಮಾನ ಆದ್ರೆ ಹನ್ನೊಂದು ವರ್ಷಾನೂ ಅನುಮಾನವೇ.”

ಆ ಭಾನುವಾರ ಅವರು ಸಂಘದ ಸಭೆಗೆ ಹೋದರು. ಹಿಂದಿನ ಸಾಲಿನಲ್ಲಿ ಯಾರೋ, “ಕಾಲರಮ್ಮ ಬಂದ್ರಪ್ಪಾ,” ಎಂದು ಪಿಸುಗುಟ್ಟಿದರು.

“ಬಂದೆ. ಹಾಳೆಯನ್ನ ಇದ್ದ ಹಾಗೇ ಅಚ್ಚು ಹಾಕಿ. ಇಲ್ಲಾಂದ್ರೆ ನನ್ನ ಹಾಳೆ ಅಷ್ಟೂ ವಾಪಸ್ ಕೊಡಿ.”

“ಆಮೇಲೆ ನಿಮ್ಮ ಹೊಲ ಪಟ್ಟೀಲಿ ಖಾಲಿ ಬೀಳತ್ತೆ,” ಎಂದರು ಕಾರ್ಯದರ್ಶಿ.

“ಬೀಳಲಿ. ತೇಪೆಗಿಂತ ತೂತೇ ವಾಸಿ.”

ನೂರ ನಲವತ್ತಮೂರು ಹಾಳೆಗಳ ಕಟ್ಟು ಕಂಕುಳಲ್ಲಿ ಮನೆಗೆ ಬಂತು. ಆ ಹೊಲದ ಜಾಗವನ್ನು ಖಾಲಿ ಬಿಟ್ಟೇ ಸಂಘದ ಪುಸ್ತಕ ಅಚ್ಚಾಯಿತು. ತಿದ್ದಿ ಕೊಡಿ ಎಂದು ಸಂಘದವರು ಎರಡು ಸಲ ಹೇಳಿಕಳಿಸಿದರೂ ಇವರು ಬಗ್ಗಲಿಲ್ಲ.

ನಮ್ಮ ವಿಶ್ವವಿದ್ಯಾಲಯದ ದಾಖಲೆ ಸಂಗ್ರಹಕ್ಕೆ ಆ ಕಟ್ಟನ್ನು ಕೊಡುವಾಗ ಅವರು ಹಾಕಿದ ಷರತ್ತು ಒಂದೇ: ನೋಡಬಯಸುವ ಯಾರೇ ಆಗಲಿ, ಒಂದಕ್ಷರವನ್ನೂ ಬದಲಿಸದೆ ಉದ್ಧರಿಸುತ್ತೇವೆಂದು ಮೊದಲು ಸಹಿ ಹಾಕಬೇಕು. ಷರತ್ತನ್ನು ಅವರೇ ಹೇಳಿ ಬರೆಸಿದರು, ಎರಡು ಬಾರಿ ಓದಿಸಿ ಕೇಳಿದರು.

ಓದುಗರ ಪುಸ್ತಕದ ಮೊದಲ ನಮೂದು: ೨೦೧೯ ನವೆಂಬರ್ ೧೮, ಸೋಮವಾರ. ಷರತ್ತಿಗೆ ಒಪ್ಪಿ ಸಹಿ ಮಾಡಿದವರು, ಪಕ್ಷಿವೀಕ್ಷಕರ ಸಂಘದ ಕಾರ್ಯದರ್ಶಿ.